ಮೂವತ್ತು ಸೆಕೆಂಡು ಮೌನವನ್ನು ಸಕ್ರಮಗೊಳಿಸುವ ಬಗ್ಗೆ

ಸಾರಿಗೆ ಇಲಾಖೆ
ನಿಲ್ದಾಣ ಅಧೀಕ್ಷಕರ ಕಚೇರಿ, ಮುಖ್ಯ ಬಸ್ ನಿಲ್ದಾಣ

ಸಂಖ್ಯೆ: ನಿಅ/ಆಲಿಸು/ಮೌನ/42
ದಿನಾಂಕ: ಸುತ್ತೋಲೆ 41 ಹೊರಬಿದ್ದ ಇಪ್ಪತ್ತೊಂಬತ್ತನೇ ದಿನ

ಸುತ್ತೋಲೆ

ವಿಷಯ: ಇಂಗ್ಲಿಷ್ ಆಲಿಸುವಿಕೆ ಪರೀಕ್ಷೆಯ ಅಭ್ಯಾಸ ಧ್ವನಿಮುದ್ರಿಕೆಯು ನಿಲ್ದಾಣದ ಧ್ವನಿವರ್ಧಕದಲ್ಲಿ ಬಿತ್ತರಗೊಂಡದ್ದು, ಅದರಿಂದ ನಿಲ್ದಾಣದಲ್ಲಿ ಪೂರ್ವಾನುಮತಿಯಿಲ್ಲದೆ ಉಂಟಾದ ಮೂವತ್ತು ಸೆಕೆಂಡುಗಳ ಮೌನ, ಹಾಗೂ ಸದರಿ ಮೌನವನ್ನು ಸಕ್ರಮಗೊಳಿಸುವ ಬಗ್ಗೆ.

ಉಲ್ಲೇಖ:
(1) ಕೇಂದ್ರ ಕಚೇರಿಯ ಆದೇಶ: ಸಾರ್ವಜನಿಕರಿಗೆ ಮುಖ ಕಾಣುವ ಅಥವಾ ಧ್ವನಿ ಕೇಳಿಸುವ ಎಲ್ಲ ನೌಕರರು ಇಂಗ್ಲಿಷ್ ಆಲಿಸುವಿಕೆ ಪರೀಕ್ಷೆಯಲ್ಲಿ ಮೂರು ಪ್ರಯತ್ನಗಳೊಳಗೆ ತೇರ್ಗಡೆಯಾಗತಕ್ಕದ್ದು, ತಪ್ಪಿದಲ್ಲಿ ಹಾಲಿ ಕುರ್ಚಿಯಲ್ಲಿ ಮುಂದುವರಿಯತಕ್ಕದ್ದಲ್ಲ.
(2) ಇದೇ ಕಚೇರಿಯ ಸುತ್ತೋಲೆ ಸಂಖ್ಯೆ 41, ವಿಷಯ: ಘೋಷಕಿಯವರ ಅಜಾಗರೂಕತೆ.
(3) ಬ್ರೇಕ್ ಮೇಸ್ತ್ರಿಯವರ ವರದಿ, ಗ್ರೀಸ್ ಮೆತ್ತಿದ ಕಾಗದದಲ್ಲಿ.
(4) ಕೆಳಸಹಿದಾರರ ಮನೆಯವರ ಮೌಖಿಕ ಅಹವಾಲು, ಎರಡು ಬಾರಿ.

ಪ್ರಸ್ತಾವನೆ:

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಎಲ್ಲ ಚಾಲಕರು, ನಿರ್ವಾಹಕರು, ಕಚೇರಿ ಸಿಬ್ಬಂದಿ ಹಾಗೂ ಬಸ್ಸಿಗೆ ಕಾದು ಕುಳಿತಿರುವ ಸಾರ್ವಜನಿಕರ ಗಮನಕ್ಕೆ ಈ ಕೆಳಗಿನ ಅಂಶಗಳನ್ನು ತರಲಾಗಿದೆ.

ಈ ನಿಲ್ದಾಣವು ಕಟ್ಟಿದ ದಿನದಿಂದ ಒಂದು ಗಳಿಗೆಯಾದರೂ ಸುಮ್ಮನಿದ್ದ ದಾಖಲೆ ಕಡತಗಳಲ್ಲಿ ಲಭ್ಯವಿರುವುದಿಲ್ಲ. ನಿರ್ವಾಹಕರು ಊರುಗಳ ಹೆಸರು ಕೂಗುತ್ತಾರೆ, ಆ ಊರುಗಳಿಗೆ ಹೋಗಬೇಕಾದವರು ನಿರ್ವಾಹಕರನ್ನು ಕೂಗುತ್ತಾರೆ, ಇಬ್ಬರ ನಡುವೆ ತನ್ನದೂ ಒಂದು ಮಾತಿರಲಿ ಎಂದು ಬಸ್ಸು ಹಾರ್ನ್ ಹಾಕುತ್ತದೆ. ಇಷ್ಟೆಲ್ಲ ಗದ್ದಲದ ಮೇಲೆ, ಗಾಜಿನ ಕೊಠಡಿಯೊಂದರಲ್ಲಿ ಕುಳಿತು, ಯಾವ ಬಸ್ಸು ಯಾವ ಅಂಕಣಕ್ಕೆ ಬರುತ್ತದೆಂದು ಇಪ್ಪತ್ತೆರಡು ವರ್ಷಗಳಿಂದ ಹೇಳುತ್ತ ಬಂದವರು ಘೋಷಕಿಯವರು. ಕಡತದಲ್ಲಿ ಅವರ ಪದನಾಮ 'ಘೋಷಕಿ, ದರ್ಜೆ ಎರಡು'. ಜನರ ಬಾಯಲ್ಲಿ ಮೈಕಕ್ಕ. ಅವರು ಹೇಳಿದ್ದನ್ನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡುವುದು ನಿಲ್ದಾಣದ ವಾಡಿಕೆಯಾಗಿದ್ದು, ಈ ವಾಡಿಕೆಯ ವಿರುದ್ಧ ಅವರಿಂದ ಯಾವುದೇ ದೂರು ಸ್ವೀಕೃತವಾಗಿರುವುದಿಲ್ಲ.

ಹೀಗಿರಲು, ಕಳೆದ ತಿಂಗಳ ಒಂದು ಮಧ್ಯಾಹ್ನ, ಊಟದ ವಿರಾಮದಲ್ಲಿ, ಒಂದು ಗಂಟೆ ಹತ್ತು ನಿಮಿಷಕ್ಕೆ ಸರಿಯಾಗಿ, ಸದರಿ ಗಾಜಿನ ಕೊಠಡಿಯಿಂದ ಅಭ್ಯಾಸ ಧ್ವನಿಮುದ್ರಿಕೆ ಸಂಖ್ಯೆ ಏಳು ಧ್ವನಿವರ್ಧಕದಲ್ಲಿ ಬಿತ್ತರಗೊಂಡಿರುತ್ತದೆ. ಎಲ್ಲಿಯದೋ ನಿಲ್ದಾಣದ ಹೆಂಗಸೊಬ್ಬಳು ಇಂಗ್ಲಿಷಿನಲ್ಲಿ, ಮುಂದಿನ ಬಸ್ಸು ಮೂರನೇ ಅಂಕಣದಿಂದ ಹೊರಡುತ್ತದೆಂದು ಹೇಳುತ್ತಾಳೆ. ಆಮೇಲೆ ಉಸಿರೆಳೆದುಕೊಂಡು, ಕ್ಷಮೆ ಕೇಳಿ, ಮೂರಲ್ಲ ಐದು ಎಂದು ತಿದ್ದುತ್ತಾಳೆ. ಧ್ವನಿಮುದ್ರಿಕೆ ಇರುವುದು ಇಷ್ಟೇ.

ಆ ಹೊತ್ತಿನಲ್ಲಿ ನಮ್ಮ ಮೂರನೇ ಅಂಕಣದಲ್ಲಿ ಒಂದೂ ಇಪ್ಪತ್ತರ ಬಸ್ಸು ನಿಂತಿತ್ತು. ಇಂಗ್ಲಿಷ್ ಬಾರದವರಿಗೂ ಇಂಗ್ಲಿಷಿನ ಅಂಕಿ ಬರುತ್ತದೆ. ಅಲ್ಲದೆ ಈ ನಿಲ್ದಾಣದಲ್ಲಿ ಧ್ವನಿವರ್ಧಕವು ಜನರ ಕ್ಷಮೆ ಕೇಳಿದ್ದು ಅದೇ ಮೊದಲಾದ್ದರಿಂದ, ಇದು ತೀರಾ ಮೇಲಿನವರ ಅಪ್ಪಣೆಯೇ ಇರಬೇಕೆಂದು ಎಲ್ಲರೂ ಭಾವಿಸಿರುತ್ತಾರೆ. ಪ್ರಯಾಣಿಕರು ಗಂಟುಮೂಟೆ ಎತ್ತಿಕೊಂಡು ಎದ್ದರು. ಚಾಲಕರು ಬಸ್ಸನ್ನು ಹಿಂದೆಗೆದು ಐದನೇ ಅಂಕಣಕ್ಕೆ ತಂದು ನಿಲ್ಲಿಸಿದರು. ಪರೀಕ್ಷೆಯ ನಿಯಮದಂತೆ ಧ್ವನಿಮುದ್ರಿಕೆ ಎರಡನೇ ಬಾರಿ ಮೊಳಗಿದಾಗ, ಅನುಮಾನವಿದ್ದ ಒಬ್ಬಿಬ್ಬರೂ ಐದಕ್ಕೆ ಬಂದು ಸೇರಿಕೊಂಡರು.

ಆನಂತರ ಧ್ವನಿಮುದ್ರಿಕೆಯು, ಉತ್ತರ ಬರೆಯಲು ನಿಮಗೆ ಮೂವತ್ತು ಸೆಕೆಂಡು ಇದೆ ಎಂದು ಹೇಳಿ ಸುಮ್ಮನಾಯಿತು. ಮೇಲಿಂದ ಇನ್ನೇನು ಅಪ್ಪಣೆ ಬರುತ್ತದೋ ಎಂದು ಇಡೀ ನಿಲ್ದಾಣವೂ ಸುಮ್ಮನಾಯಿತು. ನಿರ್ವಾಹಕರು ಬಾಯಿ ಮುಚ್ಚಿದರು. ಸರಿಯಾಗಿ ಕೇಳಿಸಲಿ ಎಂದು ಚಾಲಕರು ಇಂಜಿನ್ ಆರಿಸಿದರು. ಆ ಮೌನದಲ್ಲಿ, ಐದನೇ ಅಂಕಣದ ಪಕ್ಕದ ಕಟ್ಟೆಯ ಮೇಲೆ ಟೀ ಕುಡಿಯುತ್ತಿದ್ದ ಬ್ರೇಕ್ ಮೇಸ್ತ್ರಿಯವರಿಗೆ ಬಸ್ಸಿನ ಅಡಿಯಿಂದ ಒಂದು ಸಣ್ಣ ಸದ್ದು ಕೇಳಿಸಿತು. ಅವರು ಲೋಟ ಕೆಳಗಿಟ್ಟು, ಬಗ್ಗಿ ನೋಡಿ, ಚಕ್ರಕ್ಕೆ ಕಲ್ಲು ಕೊಟ್ಟು, ಯಾರೂ ಹತ್ತಬಾರದೆಂದು ಬಾಗಿಲಿಗೆ ಅಡ್ಡ ನಿಂತರು. ಬ್ರೇಕಿನ ಗಾಳಿ ಕೊಳವೆ ಬಿರುಕು ಬಿಟ್ಟು ಸೋರುತ್ತಿತ್ತು. ಆ ಬಸ್ಸು ಇನ್ನು ಹತ್ತು ನಿಮಿಷದಲ್ಲಿ ನಲವತ್ತೆಂಟು ಜನರನ್ನು ಹೊತ್ತು ಇಳಿಜಾರಿನ ರಸ್ತೆಗೆ ಇಳಿಯಬೇಕಿತ್ತು.

ನಲವತ್ತೆಂಟು ಜನ ಉಳಿದದ್ದು ಸಂತೋಷದ ವಿಷಯವೇ ಆದರೂ, ಅವರು ಉಳಿದದ್ದು ನಿಯಮಬಾಹಿರವಾಗಿ ಎಂಬುದನ್ನು ಇಲಾಖೆ ಕಡೆಗಣಿಸುವಂತಿಲ್ಲ. ಆದ್ದರಿಂದ ವಿಚಾರಣೆ ನಡೆಸಲಾಯಿತು. ಮೇಸ್ತ್ರಿಯವರಿಗೆ ಪ್ರಶಂಸಾಪತ್ರ, ಘೋಷಕಿಯವರಿಗೆ ನೋಟಿಸ್ ನೀಡಲಾಯಿತು. ಉಲ್ಲೇಖ (2)ರ ಮೇರೆಗೆ ಘೋಷಕಿಯವರನ್ನು ಗಾಜಿನ ಕೊಠಡಿಯಿಂದ ತೆಗೆದು, ಕಳೆದುಹೋದ ಸಾಮಾನುಗಳ ಉಗ್ರಾಣಕ್ಕೆ ಕಳುಹಿಸಲಾಗಿದೆ. ಮೂವತ್ತು ದಿನಗಳೊಳಗೆ ಈ ಆದೇಶ ಬದಲಾಗದಿದ್ದಲ್ಲಿ ಅದು ತಾನಾಗಿ ಖಾಯಂ ಆಗುತ್ತದೆ; ಅವರ ಜಾಗಕ್ಕೆ ಯಂತ್ರದ ಧ್ವನಿ ಬರುತ್ತದೆ. ನಾಳೆ ಮೂವತ್ತನೇ ದಿನವಾಗಿರುತ್ತದೆ.

ಇವೆಲ್ಲವನ್ನೂ ಪರಿಶೀಲಿಸಿ, ಸದರಿ ಮೌನವು ಪ್ರಯೋಜನಕಾರಿಯೆಂದು ಮನಗಂಡು, ಅದನ್ನು ಸಕ್ರಮಗೊಳಿಸಲು ಈ ಕೆಳಕಂಡ ನಿಯಮಗಳನ್ನು ಹೊರಡಿಸಲಾಗಿದೆ. ನಿಯಮಗಳಲ್ಲಿ 'ಕೆಳಸಹಿದಾರರು' ಎಂದರೆ ಈ ಸುತ್ತೋಲೆಗೆ ಕೆಳಗೆ ಸಹಿ ಹಾಕಿರುವ ನಿಲ್ದಾಣ ಅಧೀಕ್ಷಕರು ಎಂದು ಓದಿಕೊಳ್ಳತಕ್ಕದ್ದು.

ನಿಯಮಗಳು:

1. ಇನ್ನು ಮುಂದೆ ಪ್ರತಿ ಘೋಷಣೆಯನ್ನು ಎರಡು ಬಾರಿ ಮಾಡಿ, ನಂತರ ಮೂವತ್ತು ಸೆಕೆಂಡುಗಳ ಮೌನವನ್ನು ಆಚರಿಸತಕ್ಕದ್ದು. ಮೌನ ಎಂದರೆ ಬಾಯಿ, ಇಂಜಿನ್, ಹಾರ್ನ್ ಮೂರೂ ಮುಚ್ಚಿರುವ ಸ್ಥಿತಿ. ಆಕಳಿಕೆಗೆ ಅನುಮತಿಯಿದೆ. ಸೀನು ಬರುವ ಸಂಭವವಿದ್ದಲ್ಲಿ ಮುಂಚಿತವಾಗಿ ತಿಳಿಸತಕ್ಕದ್ದು.

2. ಮೌನ ಆರಂಭವಾಗುವ ಹೊತ್ತಿಗೆ ನಿರ್ವಾಹಕರು ಊರಿನ ಹೆಸರನ್ನು ಅರ್ಧ ಕೂಗಿದ್ದಲ್ಲಿ, ಉಳಿದರ್ಧವನ್ನು ಬಾಯಲ್ಲಿಯೇ ಇಟ್ಟುಕೊಂಡು, ಮೌನ ಮುಗಿದ ಮೇಲೆ ಹೊರಗೆ ಬಿಡತಕ್ಕದ್ದು. ಮೊದಲರ್ಧವನ್ನು ಮಾತ್ರ ಕೇಳಿ ಬಸ್ ಹತ್ತಿದ ಪ್ರಯಾಣಿಕರು ಅರ್ಧ ದಾರಿಯಲ್ಲಿ ಇಳಿಯಬೇಕಾದೀತೆಂಬ ಆತಂಕಕ್ಕೆ ಆಸ್ಪದವಿಲ್ಲ.

3. ಮೌನದ ಅವಧಿಯಲ್ಲಿ ಮಗು ಅತ್ತರೆ ತಾಯಿಯ ಮೇಲೆ ಕ್ರಮ ಕೈಗೊಳ್ಳಲಾಗುವುದಿಲ್ಲ. ಮಗುವಿಗೇ ಕಾರಣ ಕೇಳಲಾಗುವುದು. ಉತ್ತರ ಕೊಡುವ ವಯಸ್ಸು ಬರುವವರೆಗೆ ಕಡತವನ್ನು ತೆರೆದಿಡಲಾಗುವುದು.

4. ಮೌನದಲ್ಲಿ ಏನೇನು ಕೇಳಿಸಿತು ಎಂಬುದನ್ನು ನಮೂದಿಸಲು 'ಮೌನ ವಹಿ' ಎಂಬ ಪುಸ್ತಕವನ್ನು ತೆರೆಯಲಾಗಿದೆ. ಅದರಲ್ಲಿ ಮೂರು ಕಲಂಗಳಿವೆ: ಕೇಳಿಸಿದ ಸದ್ದು, ಅದು ಎಲ್ಲಿಂದ ಬಂತು, ಇಷ್ಟು ದಿನ ಏಕೆ ಕೇಳಿಸಲಿಲ್ಲ. ಮೂರನೇ ಕಲಂನಲ್ಲಿ 'ಗಮನಕ್ಕೆ ಬಂದಿರಲಿಲ್ಲ' ಎಂದು ಬರೆಯತಕ್ಕದ್ದಲ್ಲ. ಈ ಕಚೇರಿಯಲ್ಲಿ ಆ ಮಾತು ಈಗಾಗಲೇ ಬಹಳ ಸವೆದುಹೋಗಿರುತ್ತದೆ.

ಕಳೆದ ಮೂರು ದಿನ ಪ್ರಾಯೋಗಿಕವಾಗಿ ಮೌನವನ್ನು ಆಚರಿಸಲಾಗಿದ್ದು, ವಹಿಯಲ್ಲಿ ಈ ನಮೂದುಗಳಿರುತ್ತವೆ. ಚಾಲಕರ ವಿಶ್ರಾಂತಿ ಕೊಠಡಿಯ ಹಿಂದಿನ ನಲ್ಲಿ ತೊಟ್ಟಿಕ್ಕುತ್ತಿರುವುದು. ವಿಚಾರಣೆ ಕಿಟಕಿಯ ಗುಮಾಸ್ತರ ಹೊಟ್ಟೆ ಗುಡುಗುಟ್ಟಿದ್ದು. ಅಧೀಕ್ಷಕರ ಕೊಠಡಿಯ ಗೋಡೆ ಗಡಿಯಾರದಿಂದ ಯಾವ ಸದ್ದೂ ಬಾರದಿರುವುದು. ಪರಿಶೀಲಿಸಲಾಗಿ ಅದು ನಿಂತು ಎಷ್ಟು ಕಾಲವಾಯಿತೆಂದು ಯಾರಿಗೂ ತಿಳಿದಿರುವುದಿಲ್ಲ. ಮೂರನೇ ದಿನದ ನಮೂದು ಕೆಳಸಹಿದಾರರ ಸ್ವಂತ ಕೈಬರಹದಲ್ಲಿದೆ: 'ಉಗ್ರಾಣದ ಕಡೆಯಿಂದ ಒಬ್ಬ ಹೆಂಗಸಿನ ಧ್ವನಿ. ಚೀಟಿ ಕಟ್ಟುತ್ತ ಓದಿಕೊಳ್ಳುತ್ತಿದ್ದಾರೆ. ಕಪ್ಪು ಕೊಡೆ, ಹಿಡಿ ಮುರಿದಿದೆ. ಚಪ್ಪಲಿ, ಎಡಗಾಲಿನದು, ಜೊತೆಯಿಲ್ಲ.' ಇಪ್ಪತ್ತೆರಡು ವರ್ಷ ಇಡೀ ನಿಲ್ದಾಣಕ್ಕೆ ಕೇಳಿಸುವಂತೆ ಮಾತಾಡಿದ ಗಂಟಲು ಮುರಿದ ಕೊಡೆಯ ಜೊತೆ ಮಾತಾಡುತ್ತಿದ್ದುದನ್ನು ಕೇಳಿ ಕೆಳಸಹಿದಾರರು ಲೇಖನಿಯನ್ನು ಕೆಳಗಿಟ್ಟಿರುತ್ತಾರೆ. ಮೂರನೇ ಕಲಂ ಖಾಲಿ ಬಿಟ್ಟಿದೆ.

5. ಆಲಿಸುವಿಕೆಯ ಅಭ್ಯಾಸವನ್ನು ಇನ್ನು ಮುಂದೆ ಈ ಕೆಳಕಂಡಂತೆ ನಡೆಸತಕ್ಕದ್ದು.

(ಅ) ಧ್ವನಿಮುದ್ರಿಕೆಯಲ್ಲಿ ಬರುವ ವ್ಯಕ್ತಿಗಳ ಜೊತೆ ಅಭ್ಯಾಸಿಗಳು ವಾದಕ್ಕೆ ಇಳಿಯತಕ್ಕದ್ದಲ್ಲ. ಈಜು ತರಗತಿಗೆ ಸೇರುವ ಮಹಿಳೆ ದಿನಾಂಕವನ್ನು ಬದಲಿಸಿದರೆ ಅದು ಆಕೆಯ ಇಷ್ಟ. ಕೊಡೆ ಕಳೆದುಕೊಂಡ ಮುದುಕರು ಅದರ ಬಣ್ಣವನ್ನು ಮೊದಲು ಹಸಿರೆಂದು, ಆಮೇಲೆ ನೀಲಿಯೆಂದು ಹೇಳಿದರೆ, ಅವರಿಗೆ ಮೆಮೊ ಕೊಡುವ ಅಧಿಕಾರ ಈ ಕಚೇರಿಗಿಲ್ಲ.

(ಆ) ಈ ಸಂಬಂಧ ಒಂದು ಉದಾಹರಣೆಯನ್ನು, ಹೆಸರು ಹೇಳದೆ, ಇಲ್ಲಿ ಕೊಡುವುದು ಉಚಿತವೆನಿಸುತ್ತದೆ. ಇದೇ ನಿಲ್ದಾಣದ ಒಬ್ಬ ಅಧಿಕಾರಿಯವರು, ಮೂವತ್ತೊಂದು ವರ್ಷ ಕಡತಗಳ ನಡುವೆ ಬಾಳಿದವರು, ಸದರಿ ಪರೀಕ್ಷೆಯಲ್ಲಿ ಎರಡು ಬಾರಿ ಅನುತ್ತೀರ್ಣರಾಗಿರುತ್ತಾರೆ. ಫಲಿತಾಂಶಗಳು 'ಗೌಪ್ಯ' ಎಂದು ಬರೆದ ಲಕೋಟೆಯಲ್ಲಿ ಬಂದವು. ಲಕೋಟೆಗಳು ಅವರ ಮೇಜಿನ ಕೆಳಗಿನ ಸೆಳೆಖಾನೆಗೆ ಹೋದವು. ಅವರ ಕಿವಿಗೆ ದೋಷವಿಲ್ಲ, ಇಂಗ್ಲಿಷಿಗೂ ಅಂಥ ದೋಷವಿಲ್ಲ. ದೋಷವಿರುವುದು ಅವರ ತತ್ತ್ವದಲ್ಲಿ. ಧ್ವನಿಮುದ್ರಿಕೆಯವಳು ಮಂಗಳವಾರ ಎಂದು ಹೇಳಿ, ಅಲ್ಲ ಗುರುವಾರ ಎಂದು ತಿದ್ದಿದರೆ, ಅಧಿಕಾರಿಯವರು ಮಂಗಳವಾರ ಎಂದೇ ಬರೆಯುತ್ತಾರೆ. ಒಮ್ಮೆ ಹೊರಡಿಸಿದ ಮಾತು, ತಿದ್ದೋಲೆ ಹೊರಬಿದ್ದು, ಸಹಿಯಾಗಿ, ಮೊಹರು ಬಿದ್ದು, ಪ್ರತಿಗಳು ರವಾನೆಯಾಗುವವರೆಗೆ ಹಾಗೆಯೇ ಊರ್ಜಿತವಾಗಿರುತ್ತದೆ ಎಂಬುದು ಅವರ ನಂಬಿಕೆ. ಉಸಿರೆಳೆದುಕೊಳ್ಳುವಷ್ಟರಲ್ಲಿ ಆದೇಶವನ್ನೇ ಬದಲಿಸುವ ಆ ಮಹಿಳೆಯ ನಡವಳಿಕೆ ಅವರಿಗೆ ಸುತರಾಂ ಒಪ್ಪಿಗೆಯಾಗಿರುವುದಿಲ್ಲ. ಹೀಗಾಗಿ ನಲವತ್ತು ಪ್ರಶ್ನೆಗಳಲ್ಲಿ ಅವರಿಗೆ ಹನ್ನೊಂದು ಅಂಕ. ಆ ಹನ್ನೊಂದೂ ಯಾರೂ ಮಾತು ಬದಲಿಸದ ಪ್ರಶ್ನೆಗಳು.

6. ಇಂಗ್ಲಿಷಿನಲ್ಲಿ ಬಂದ ಮಾತೆಲ್ಲ ಮೇಲಿಂದ ಬಂದದ್ದೆಂದು ಭಾವಿಸತಕ್ಕದ್ದಲ್ಲ.

7. ಎಲ್ಲ ಮುಖ್ಯ ಮಾತುಗಳನ್ನು ಎರಡು ಬಾರಿ ಹೇಳುವ ಪದ್ಧತಿಯನ್ನು ಕಚೇರಿಯ ಒಳಗೂ ಜಾರಿಗೆ ತರಲಾಗಿದೆ. ಮೊದಲ ಬಾರಿ ಹೇಳಿದಾಗ ಎದುರಿನವರು ಕೇಳಿಸಿಕೊಳ್ಳುವುದು ಕಡ್ಡಾಯವಲ್ಲ. ಎರಡನೇ ಬಾರಿಗೂ ಕೇಳಿಸಿಕೊಳ್ಳದಿದ್ದಲ್ಲಿ ಲಿಖಿತ ಕಾರಣ ಕೊಡತಕ್ಕದ್ದು. ಮನೆಗಳಲ್ಲಿ ಈ ಪದ್ಧತಿ ಈಗಾಗಲೇ ಜಾರಿಯಲ್ಲಿರುವುದು ಉಲ್ಲೇಖ (4)ರಿಂದ ಕಂಡುಬಂದಿರುತ್ತದೆ.

ಸದರಿ ಉಲ್ಲೇಖದ ವಿವರ ಹೀಗಿದೆ. ಕೆಳಸಹಿದಾರರ ಮನೆಯವರು ಹೊಲಿಗೆ ಶಾಲೆಯೊಂದರಲ್ಲಿ ಮಧ್ಯಾಹ್ನದ ಪಾಳಿಯ ಶಿಕ್ಷಕಿ. ದಿನವೂ ಒಂದೂ ಇಪ್ಪತ್ತರ ಬಸ್ಸಿಗೇ ಹೋಗುತ್ತಾರೆ. ಆ ದಿನ ಮೂರನೇ ಅಂಕಣದಿಂದ ಚೀಲ ಎತ್ತಿಕೊಂಡು ಐದಕ್ಕೆ ಹೋದ ನಲವತ್ತೆಂಟು ಜನರಲ್ಲಿ ಅವರೂ ಒಬ್ಬರು. ಘೋಷಕಿಯವರನ್ನು ಉಗ್ರಾಣಕ್ಕೆ ಹಾಕಿದ ಸುದ್ದಿ ತಿಳಿದ ಸಂಜೆ ಅವರು ತರಕಾರಿ ಹೆಚ್ಚುತ್ತ ಹೇಳಿದ ಮಾತನ್ನು ಇಲ್ಲಿ ಯಥಾವತ್ತಾಗಿ ದಾಖಲಿಸಲಾಗಿದೆ: "ಆ ಹೆಂಗಸನ್ನ ಉಗ್ರಾಣದಿಂದ ಹೊರಗೆ ಕರೆಸಿ." ಕೆಳಸಹಿದಾರರು ಪತ್ರಿಕೆಯ ಪುಟ ತಿರುವಿ, ಏನೋ ಅಂದೆಯಾ ಎಂದು ಕೇಳಿರುತ್ತಾರೆ. ಮಾತು ಎರಡನೇ ಬಾರಿ ಹೇಳಲ್ಪಟ್ಟಿತು. ಕೆಳಸಹಿದಾರರು, ಆಡಳಿತದ ವಿಷಯ ಮನೆಯಲ್ಲಿ ಬೇಡ ಎಂದರು. ಮೂರನೇ ಬಾರಿ ಅವರು ಆ ಮಾತನ್ನು ಎತ್ತಲಿಲ್ಲ. ಎತ್ತಿದ್ದರೆ ಚೆನ್ನಾಗಿತ್ತು ಎಂದು ಕೆಳಸಹಿದಾರರಿಗೆ ಆಮೇಲೆ ಅನ್ನಿಸಿರುತ್ತದೆ. ಮನೆಯಲ್ಲಿ ಜಗಳವಾದರೆ ಸಹಿಸಬಹುದು. ಸುಮ್ಮನೆ ತಟ್ಟೆ ಮುಂದಿಟ್ಟು ಒಳಗೆ ಹೋಗುವುದನ್ನು ಸಹಿಸುವುದು ಕಷ್ಟ.

8. ಹೆಡ್‌ಫೋನ್ ಧರಿಸಿ ಅಭ್ಯಾಸ ಮಾಡುವವರು ಎರಡು ನಿಮಿಷಕ್ಕೊಮ್ಮೆ ಅದನ್ನು ತೆಗೆದು, ತಲೆಯೆತ್ತಿ, ಗಾಜಿನಾಚೆ ಜನ ಎತ್ತ ಹೋಗುತ್ತಿದ್ದಾರೆ ಎಂಬುದನ್ನು ನೋಡತಕ್ಕದ್ದು. ಧ್ವನಿ ಹೆಚ್ಚಿಸುವ ಗುಂಡಿಯೂ ಧ್ವನಿವರ್ಧಕದ ಸ್ವಿಚ್ಚೂ ಅಕ್ಕಪಕ್ಕದಲ್ಲಿದ್ದು, ಎರಡೂ ಕಪ್ಪು ಬಣ್ಣದವಾಗಿರುವುದರಿಂದ, ಇನ್ನು ಮುಂದೆ ಒಂದಕ್ಕೆ ಕೆಂಪು ಬಣ್ಣ ಬಳಿಯತಕ್ಕದ್ದು. ಯಾವುದಕ್ಕೆ ಎಂಬುದನ್ನು ಸಮಿತಿ ತೀರ್ಮಾನಿಸುತ್ತದೆ. ಸಮಿತಿಯ ತೀರ್ಮಾನ ಬರುವವರೆಗೆ ಎರಡಕ್ಕೂ ಅರ್ಧರ್ಧ ಬಳಿಯತಕ್ಕದ್ದು.

9. ಈ ಹಂತದಲ್ಲಿ, ವಿಚಾರಣೆಯ ಕಡತದಲ್ಲಿ ಒಂದು ಪ್ರಶ್ನೆ ಬಿಟ್ಟುಹೋಗಿರುವುದು ಕಂಡುಬಂದಿರುತ್ತದೆ. ಘೋಷಕಿಯವರು ಆಲಿಸುವಿಕೆ ಪರೀಕ್ಷೆಯಲ್ಲಿ ಹೋದ ವರ್ಷವೇ, ಮೊದಲ ಪ್ರಯತ್ನದಲ್ಲೇ, ನಲವತ್ತಕ್ಕೆ ಮೂವತ್ತೆಂಟು ಅಂಕ ಪಡೆದು ತೇರ್ಗಡೆಯಾಗಿರುತ್ತಾರೆ. ಪಾಸಾದವರು ಊಟ ಬಿಟ್ಟು ಅಭ್ಯಾಸ ಮಾಡುವುದೇಕೆ? ಆ ಕೊಠಡಿಯಲ್ಲಿ ಅಭ್ಯಾಸಕ್ಕೆ ಕುಳಿತಿದ್ದವರು ಯಾರು? ಈ ಪ್ರಶ್ನೆಯನ್ನು ವಿಚಾರಣಾಧಿಕಾರಿಯವರು ಕೇಳಲಿಲ್ಲ. ವಿಚಾರಣಾಧಿಕಾರಿಯಾಗಿದ್ದವರು ಕೆಳಸಹಿದಾರರೇ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ ಎನ್ನುವ ಗಾದೆಯಿದೆ. ಇಲ್ಲಿ ಕಳ್ಳ ಯಾರೆಂದು ಕೇಳುವ ಕೆಲಸವೂ ಹೆಗಲಿನವರದೇ ಆಗಿದ್ದರಿಂದ, ಯಾರೂ ಯಾವ ಹೆಗಲನ್ನೂ ಮುಟ್ಟಿಕೊಳ್ಳುವ ಪ್ರಸಂಗ ಬರಲಿಲ್ಲ.

10. ವಿಚಾರಣೆಯಲ್ಲಿ ಘೋಷಕಿಯವರು ಕೊಟ್ಟ ಲಿಖಿತ ಹೇಳಿಕೆ ಎರಡೇ ಸಾಲಿನದು: 'ಕೊಠಡಿ ನನ್ನ ಸುಪರ್ದಿಯದು. ಸ್ವಿಚ್ಚು ನನ್ನ ಮೇಜಿನದು.' ಯಾರ ಹೆಸರನ್ನೂ ಅವರು ಬರೆಯಲಿಲ್ಲ. ಕೊಠಡಿಯ ಬೀಗದ ಕೈ ಒಪ್ಪಿಸಲು ಬಂದಾಗ, ಬಾಗಿಲ ಹತ್ತಿರ ನಿಂತು, ಅವರು ಕೆಳಸಹಿದಾರರಿಗೆ ಹೇಳಿದ್ದನ್ನು ಕಡತಕ್ಕೆ ಈಗ ಸೇರಿಸಲಾಗಿದೆ: "ಪರೀಕ್ಷೆಗೆ ತಯಾರಿ ಬಿಡಬೇಡಿ ಸರ್. ಮೊದಲು ಹೇಳಿದ್ದನ್ನ ಬರೀಬೇಡಿ. ತಿದ್ದಿ ಹೇಳ್ತಾರೆ, ಕಾಯಿರಿ. ತಿದ್ದಿ ಹೇಳಿದ್ದೇ ಉತ್ತರ."

ಅವರು ಪಾಠದ ಮಾತನ್ನಷ್ಟೇ ಹೇಳಿದರೋ, ಬೇರೆ ಯಾವುದಕ್ಕೋ ಕಾಯುತ್ತೇನೆಂದು ಹೇಳಿದರೋ ಎಂದು ಕೆಳಸಹಿದಾರರು ಇಪ್ಪತ್ತೊಂಬತ್ತು ದಿನಗಳಿಂದ ಯೋಚಿಸುತ್ತಿದ್ದಾರೆ.

11. ಆದ್ದರಿಂದ ಸುತ್ತೋಲೆ 41ಕ್ಕೆ ಈ ಕೆಳಕಂಡ ತಿದ್ದುಪಡಿಯನ್ನು ಹೊರಡಿಸಲಾಗಿದೆ.

'ಘೋಷಕಿಯವರ ಅಜಾಗರೂಕತೆಯಿಂದ ಸ್ವಿಚ್ಚು ಚಾಲನೆಯಲ್ಲಿ ಉಳಿದಿರುತ್ತದೆ' ಎಂಬ ವಾಕ್ಯವನ್ನು ತೆಗೆದುಹಾಕಿ, ಅದರ ಬದಲಿಗೆ ಹೀಗೆ ಓದಿಕೊಳ್ಳತಕ್ಕದ್ದು: ಆ ಸ್ವಿಚ್ಚನ್ನು ಹಾಕಿದವರು ನಿಲ್ದಾಣ ಅಧೀಕ್ಷಕರು. ಎರಡು ಬಾರಿ ನಪಾಸಾದ ಆ ಅಧಿಕಾರಿ ಅವರೇ. ಮೂರನೇ ಬಾರಿಯೂ ತಪ್ಪಿದರೆ ಕುರ್ಚಿ ಹೋಗುತ್ತದೆಂಬ ಭಯದಿಂದ, ಎರಡು ತಿಂಗಳಿಂದ, ಊಟದ ವಿರಾಮದಲ್ಲಿ ಅವರು ಘೋಷಕಿಯವರ ಹತ್ತಿರ ಪಾಠ ಹೇಳಿಸಿಕೊಳ್ಳುತ್ತಿದ್ದರು. ಅಧೀಕ್ಷಕರು ಪಾಠ ಹೇಳಿಸಿಕೊಳ್ಳುವುದನ್ನು ಯಾರೂ ನೋಡದಿರಲಿ ಎಂದು ಘೋಷಕಿಯವರು ಧ್ವನಿಮುದ್ರಿಕೆ ಹಾಕಿಕೊಟ್ಟು, ಅದು ಮುಗಿಯುವವರೆಗೆ ಹೊರಗೆ ನಲ್ಲಿಯ ಹತ್ತಿರ ಹೋಗಿ ಕಾವಲು ನಿಲ್ಲುತ್ತಿದ್ದರು. ಆ ದಿನ ಧ್ವನಿಮುದ್ರಿಕೆ ಏಳು ಮೆಲ್ಲಗೆ ಕೇಳಿಸಿತೆಂದು ಅಧೀಕ್ಷಕರು ಧ್ವನಿ ಹೆಚ್ಚಿಸಲು ಹೋಗಿ ಪಕ್ಕದ ಸ್ವಿಚ್ಚನ್ನು ಒತ್ತಿದರು. ಕಿವಿಯ ಮೇಲೆ ಹೆಡ್‌ಫೋನ್ ಇದ್ದುದರಿಂದ, ಇಡೀ ನಿಲ್ದಾಣಕ್ಕೆ ಗೊತ್ತಾದ ಸಂಗತಿ ಅವರೊಬ್ಬರಿಗೆ ಗೊತ್ತಾಗಲಿಲ್ಲ. ಹೊರಗೆ ಆ ಮೂವತ್ತು ಸೆಕೆಂಡು ಊರಿಗೆ ಊರೇ ಉಸಿರು ಬಿಗಿಹಿಡಿದು ನಿಂತಿದ್ದಾಗ, ಅವರು ತಲೆ ಬಗ್ಗಿಸಿ ಉತ್ತರ ಬರೆಯುತ್ತಿದ್ದರು. ಘೋಷಕಿಯವರು ಓಡಿ ಬಂದು ಸ್ವಿಚ್ಚು ಆರಿಸಿದರು. ಕೊಠಡಿಯ ಕಡೆ ಜನ ಬರುವ ಸದ್ದು ಕೇಳಿದ ಕೂಡಲೇ ಅಧೀಕ್ಷಕರು ಉತ್ತರ ಪತ್ರಿಕೆಯನ್ನು ಅಂಗಿಯ ಜೇಬಿಗೆ ತುರುಕಿ, ಕಂಕುಳಲ್ಲಿ ಒಂದು ಕಡತ ಸಿಕ್ಕಿಸಿಕೊಂಡು, ಹಿಂದಿನ ಬಾಗಿಲಿಂದ ಹೊರಗೆ ಹೋದರು. ಬಂದವರಿಗೆ ಕೊಠಡಿಯಲ್ಲಿ ಕಂಡದ್ದು ಘೋಷಕಿಯವರು ಮಾತ್ರ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ಪದ್ಧತಿ ಇಲಾಖೆಯಲ್ಲಿ ಹಳೆಯದು. ಎತ್ತೇ ಕೈಯಲ್ಲಿ ಕಬ್ಬಿಣ ಹಿಡಿದು ಬರೆ ಹಾಕಿದ್ದು ಇದೇ ಮೊದಲು.

12. ಉತ್ತರ ಪತ್ರಿಕೆಯ ವಿಷಯವನ್ನು ಪ್ರತ್ಯೇಕವಾಗಿ ನಮೂದಿಸಲಾಗಿದೆ. ಅದು ಅಂಗಿಯ ಜೇಬಿನಲ್ಲೇ ಮರೆತುಹೋಗಿ, ಅಂಗಿ ಬಹಳ ದಿನ ಗೂಟದಲ್ಲೇ ತೂಗಿ, ಒಮ್ಮೆ ಒಗೆತಕ್ಕೆ ಹೋಗಿ ಬಂದು, ನಿನ್ನೆ ಬೆಳಿಗ್ಗೆ ಇಸ್ತ್ರಿ ಮಾಡುವಾಗ ಮನೆಯವರ ಕೈಗೆ ಸಿಕ್ಕಿರುತ್ತದೆ. ಅವರು ಅದನ್ನು ಬಿಡಿಸಿ ಓದಿದರು. ಧ್ವನಿಮುದ್ರಿಕೆ ಏಳು, ಬಸ್ಸು ಯಾವ ಅಂಕಣದಿಂದ ಹೊರಡುತ್ತದೆ ಎಂಬ ಪ್ರಶ್ನೆ, ಅದರ ಮುಂದೆ ಗಂಡನ ದುಂಡನೆಯ ಕೈಬರಹದಲ್ಲಿ 'ಮೂರು'. ಅವರು ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿ, ಕಾಗದವನ್ನು ಮೇಜಿನ ಮೇಲಿಟ್ಟು ಹೀಗೆ ಹೇಳಿದರು: "ನಮಗ್ಯಾರಿಗೂ ಇಂಗ್ಲಿಷ್ ಬರೋದಿಲ್ಲ. ಆದ್ರೂ ಎಲ್ಲರೂ ಐದಕ್ಕೆ ಬಂದ್ವಿ, ಬದುಕಿದ್ವಿ. ನೀವೊಬ್ಬರೇ ಇನ್ನೂ ಮೂರರಲ್ಲೇ ಕೂತಿದ್ದೀರಿ."

ಆ ನಲವತ್ತೆಂಟರಲ್ಲಿ ಒಬ್ಬರು ಕಡಿಮೆಯಾಗಿದ್ದರೆ ಈ ಅಂಗಿಗೆ ಇಸ್ತ್ರಿ ಹಾಕುವವರೇ ಇರುತ್ತಿರಲಿಲ್ಲ ಎಂಬುದು ಕೆಳಸಹಿದಾರರಿಗೆ ಆಗ, ಒಂದು ತಿಂಗಳು ತಡವಾಗಿ, ಹೊಳೆಯಿತು. ಅವರು ಕುರ್ಚಿ ಎಳೆದುಕೊಂಡು ಕುಳಿತರು. ತಮಗೆ ನಾಚಿಕೆಯಾಯಿತೆಂದು ಇಲ್ಲಿ ದಾಖಲಿಸಲು ಅವರು ಇಚ್ಛಿಸುತ್ತಾರೆ.

13. ಈ ಎಲ್ಲ ಕಾರಣಗಳಿಂದ, ಘೋಷಕಿಯವರನ್ನು ಉಗ್ರಾಣಕ್ಕೆ ಕಳುಹಿಸಿದ ಆದೇಶವನ್ನು ಈ ಕ್ಷಣದಿಂದ ರದ್ದುಪಡಿಸಲಾಗಿದೆ. ಅವರು ನಾಳೆ ಬೆಳಗಿನ ಮೊದಲ ಬಸ್ಸಿಗೆ ಗಾಜಿನ ಕೊಠಡಿಯಲ್ಲಿ ಹಾಜರಾಗತಕ್ಕದ್ದು ಎಂದು ಆದೇಶಿಸುವ ಬದಲು, ಹಾಜರಾಗಬೇಕೆಂದು ಕೇಳಿಕೊಳ್ಳಲಾಗಿದೆ. ಉಗ್ರಾಣದ ಪ್ರಭಾರವನ್ನು, ಅಲ್ಲಿರುವ ಅರವತ್ತಮೂರು ಕೊಡೆ ಹಾಗೂ ಎಡಗಾಲಿನ ಹನ್ನೊಂದು ಚಪ್ಪಲಿಗಳ ಸಮೇತ, ಕೇಂದ್ರ ಕಚೇರಿ ಬೇರೆ ಆದೇಶ ಕೊಡುವವರೆಗೆ ಕೆಳಸಹಿದಾರರೇ ವಹಿಸಿಕೊಳ್ಳುತ್ತಾರೆ.

14. ತಮ್ಮ ಮೂರನೇ ಹಾಗೂ ಕೊನೆಯ ಪ್ರಯತ್ನವಾದ ಭಾನುವಾರದ ಆಲಿಸುವಿಕೆ ಪರೀಕ್ಷೆಗೆ ಕೆಳಸಹಿದಾರರು ಹಾಜರಾಗುತ್ತಾರೆ. ಫಲಿತಾಂಶದ ಲಕೋಟೆಯನ್ನು ಈ ಬಾರಿ ಸೆಳೆಖಾನೆಗೆ ಹಾಕದೆ ಸೂಚನಾ ಫಲಕದ ಮುಂದೆ ಒಡೆಯಲಾಗುವುದು.

15. ಮೌನ ವಹಿಯ ಮೂರನೇ ದಿನದ ನಮೂದಿನಲ್ಲಿ ಖಾಲಿ ಬಿಟ್ಟಿದ್ದ ಕಲಂ ಅನ್ನು ಭರ್ತಿ ಮಾಡಲಾಗಿದೆ. ಇಷ್ಟು ದಿನ ಏಕೆ ಕೇಳಿಸಲಿಲ್ಲ: 'ಕೇಳಿಸುತ್ತಿತ್ತು.'

ಸಹಿ/-
ನಿಲ್ದಾಣ ಅಧೀಕ್ಷಕರು
(ಪ್ರಭಾರ: ಕಳೆದುಹೋದ ಸಾಮಾನುಗಳ ಉಗ್ರಾಣ)

ಪ್ರತಿಗಳು:

1. ಕೇಂದ್ರ ಕಚೇರಿಗೆ, ಸೂಕ್ತ ಕ್ರಮಕ್ಕಾಗಿ. ಉತ್ತರ ಪತ್ರಿಕೆಯನ್ನು ಲಗತ್ತಿಸಿದೆ. ಒಗೆತದಿಂದ ಮಾಸಿದ್ದರೂ 'ಮೂರು' ಓದಲು ಬರುತ್ತದೆ.

2. ಬ್ರೇಕ್ ಮೇಸ್ತ್ರಿಯವರಿಗೆ, ವಂದನೆಗಳೊಂದಿಗೆ. ಈ ಪ್ರತಿಗೆ ಗ್ರೀಸ್ ಮೆತ್ತಲು ಅನುಮತಿಸಿದೆ.

3. ಬಣ್ಣದ ಸಮಿತಿಗೆ. ಕೆಂಪನ್ನು ಧ್ವನಿವರ್ಧಕದ ಸ್ವಿಚ್ಚಿಗೇ ಬಳಿಯುವುದು. ಇದರಲ್ಲಿ ತೀರ್ಮಾನಿಸುವಂಥದ್ದು ಏನೂ ಇಲ್ಲ.

4. ಸೂಚನಾ ಫಲಕಕ್ಕೆ. ಸುತ್ತೋಲೆ 41ರ ಮೇಲೆ ಅಂಟಿಸದೆ ಪಕ್ಕದಲ್ಲಿ ಅಂಟಿಸುವುದು. ಮೊದಲು ಏನು ಹೇಳಲಾಗಿತ್ತು, ಆಮೇಲೆ ಏನೆಂದು ತಿದ್ದಲಾಯಿತು ಎರಡೂ ಕಾಣುವಂತಿರಲಿ.

5. ಘೋಷಕಿಯವರಾದ ಮೈಕಕ್ಕನವರಿಗೆ. ನಿಯಮ 11ನ್ನು ಧ್ವನಿವರ್ಧಕದಲ್ಲಿ ಎರಡು ಬಾರಿ ಓದಲು. ಓದಲು ಮನಸ್ಸಾಗದಿದ್ದಲ್ಲಿ ಸ್ವಿಚ್ಚು ಹಾಕಿ ಕೊಟ್ಟರೆ ಸಾಕು, ಕೆಳಸಹಿದಾರರೇ ಬಂದು ಓದುತ್ತಾರೆ.

6. ಕೆಳಸಹಿದಾರರ ಮನೆಯವರಿಗೆ. ಉಲ್ಲೇಖ (4)ರ ಅಹವಾಲು ಮೊದಲ ಸಲ ಹೇಳಿದಾಗಲೇ ಕೇಳಿಸಿತ್ತು ಎಂಬ ಒಪ್ಪಿಗೆಯೊಂದಿಗೆ.